ದಾನೇಶ್ವರಿಯ ಓದು, ಮಹಾದೇವಿಯ ಉಡಿ

ದಾನೇಶ್ವರಿ ಎಂ.ಎ. ಮುಗಿಸಿದ ವರ್ಷ, ಗೋರೆಗಾಂವ್ ಪೂರ್ವದ ಗುಡ್ಡದ ಚಾಳಿನಲ್ಲಿ ಅವಳ ಓದನ್ನು ನಂಬಿ ಮೊದಲು ಕೆಲಸ ತಂದವಳು ಇಂದ್ರಾಬಾಯಿ. ಕೈಯಲ್ಲಿ ಒಂದು ಜಂಪರ್ ಪೀಸು, ಅಳತೆಗೆಂದು ಒಂದು ಹಳೆಯ ಜಂಪರು.

"ತೋಳು ಸಡ್ಲ ಇರ್ಲಿ. ಬೆನ್ನು ಭಾಳ ಬಿಡಬ್ಯಾಡ," ಎಂದಳು.

"ಕಾಕಿ, ನನಗ ಹೊಲಿಯಾಕ ಬರಲ್ಲ."

"ಮತ್ತ ಮಹಿಳಾ ಅಂತ ಏನೋ ಕಲ್ತು ಬಂದಾಳ ಅಂತ ನಿಮ್ಮವ್ವ ಊರೆಲ್ಲ ಹೇಳ್ತಾಳ? ಮಹಿಳಾ ಮಂಡಳದಾಗ ಜಂಪರ್ ಹೊಲಿಯೋದು, ಹಪ್ಪಳ ಲಟ್ಟಿಸೋದು ಕಲಸ್ತಾರಲ್ಲ, ಅದಲ್ಲೇನು?"

"ಅಲ್ಲ ಕಾಕಿ. ಮಹಿಳಾ ಅಧ್ಯಯನ ಅಂತ. ಹೆಣ್ಮಕ್ಕಳ ಬದುಕಿನ ಬಗ್ಗೆ ಓದೋದು."

ಇಂದ್ರಾಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಹೆಣ್ಮಕ್ಕಳ ಬದುಕು ಓದಾಕ ಕಾಲೇಜಿಗಿ ಹೋಗ್ಬೇಕೇನು? ಮುಂಜಾನಿ ನಳದ ಮುಂದ ಕೊಡ ಹಿಡಕೊಂಡು ನಿಂತ್ರ ಮುಗೀತು."

ನಳದ ಮುಂದೆ ನಿಂತಿದ್ದವರೆಲ್ಲ ನಕ್ಕರು. ದಾನೇಶ್ವರಿಯೂ ನಕ್ಕಳು. ಆದರೆ ಅಂದು ಒಳಗೆ ಬಂದು ಕೂತ ಮೇಲೆ, ಆ ಮಾತಿನಲ್ಲಿ ಸುಳ್ಳೇನಿದೆ ಎಂದು ಅವಳಿಗೆ ಬಹಳ ಹೊತ್ತು ಹೊಳೆಯಲಿಲ್ಲ.

ಅವಳ ತಂದೆ ಮರೆಪ್ಪ ಶಹಾಪುರದ ಕಡೆಯ ಗೌಂಡಿ. ತಾಯಿ ನೀಲಾಬಾಯಿ ಅದೇ ಕಟ್ಟಡಗಳಲ್ಲಿ ಗಾರೆ ಹೊತ್ತವಳು. ಬೆಳಗ್ಗೆ ರಸ್ತೆ ಕೂಡುವ ನಾಕಾದಲ್ಲಿ ಕೂಲಿಯವರು ಸಾಲಾಗಿ ನಿಲ್ಲುತ್ತಿದ್ದರು. ಕೂಲಿಯಾಳುಗಳನ್ನು ಆರಿಸುವ ಮುಕಾದಮನು ಬಂದು, "ಮರೆಪ್ಪ, ಜೋಡಿ ಹೈ ಕ್ಯಾ?" ಎಂದು ಕೇಳುತ್ತಿದ್ದ. ಹೆಂಡತಿಯೂ ಕೂಲಿಗೆ ಬರುತ್ತಾಳೆಯೇ ಎಂದು ಅದರರ್ಥ. ಮರೆಪ್ಪನಿಗೆ ಹೆಸರಿತ್ತು, ನೀಲಾಬಾಯಿ ಆ ನಾಕಾದಲ್ಲಿ ನಿಂತಷ್ಟು ವರ್ಷವೂ 'ಜೋಡಿ'ಯೇ ಆಗಿದ್ದಳು. ಪಾಲಿಕೆಯ ಕನ್ನಡ ಶಾಲೆಗೆ ಹೋಗುವ ದಾರಿಯಲ್ಲಿ ದಾನೇಶ್ವರಿ ಅದನ್ನು ದಿನವೂ ಕೇಳಿಸಿಕೊಂಡಿದ್ದಳು. ಅದರಲ್ಲೊಂದು ವಿಷಯವಿದೆ ಎಂದು ತಿಳಿಯಲು ಬಿ.ಎ. ಕೊನೆಯ ವರ್ಷ ಬರಬೇಕಾಯಿತು. ಅಂಧೇರಿಯ ಅವಳ ಕಾಲೇಜಿಗೆ ಒಂದು ದಿನ ವಿಜೇತಾ ಮೇಡಂ ಉಪನ್ಯಾಸಕ್ಕೆ ಬಂದಿದ್ದರು. ನಿಮ್ಮ ಮನೆಯ ಹೆಂಗಸರನ್ನು ಹೊರಗಿನವರು ಏನೆಂದು ಕರೆಯುತ್ತಾರೆ ಎಂದು ಅವರು ಕೇಳಿದಾಗ, ಎಂದೂ ಬಾಯಿ ಬಿಡದ ಹುಡುಗಿ ಎದ್ದು ನಿಂತು, "ಜೋಡಿ" ಎಂದಳು. ಆ ಒಂದು ಶಬ್ದ ಅವಳನ್ನು ಮೇಡಂ ಕಲಿಸುತ್ತಿದ್ದ ಎಂ.ಎ.ಗೆ ಎಳೆದುಕೊಂಡು ಹೋಯಿತು.

ವಿಜೇತಾ ಮೇಡಂ ಮೂಲದಲ್ಲಿ ಉಡುಪಿ ಕಡೆಯವರು; ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ. "ನನ್ನ ಕನ್ನಡ ಸ್ವಲ್ಪ ಗಡ್‌ಬಡ್ ಉಂಟು, ನಗಬೇಡ," ಎಂದು ಮೊದಲೇ ಹೇಳಿಬಿಡುತ್ತಿದ್ದರು. ದಾನೇಶ್ವರಿ ಎರಡನೆಯ ವರ್ಷದ ಪ್ರಬಂಧಕ್ಕೆ ಉಡಿ ತುಂಬುವ ಪದ್ಧತಿಯನ್ನು ಆರಿಸಿಕೊಂಡಿದ್ದಳು. ಮುತ್ತೈದೆಯನ್ನು ಮಣೆಯ ಮೇಲೆ ಕೂರಿಸಿ, ಸೆರಗಿನಲ್ಲಿ ಐದು ಬೊಗಸೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣಬೇರು, ಜಂಪರ್ ಪೀಸು ಇಟ್ಟು ಹರಸುವ ಪದ್ಧತಿ ಅದು. ಇದು ಹೆಣ್ಣನ್ನು ಕಟ್ಟಿಹಾಕುವ ಸರಪಳಿಯೆಂದೂ ಅಕ್ಕಿಯ ತೂಕದ ಕೆಳಗೆ ಅವಳ ಬಾಯಿ ಮುಚ್ಚಿಹೋಗಿದೆಯೆಂದೂ ಅವಳು ಬಿಸಿಬಿಸಿಯಾಗಿ ಬರೆದಿದ್ದಳು. ಮೇಡಂ ಅದನ್ನು ಮಾಟುಂಗದ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಪೂರ್ತಿ ಓದಿದರು.

"ಚಂದ ಉಂಟು. ಆದ್ರೆ ಯಾರನ್ನ ಕೇಳಿ ಬರೆದದ್ದು ಮಾರಾಯ್ತಿ?"

"ಕೇಳೋದೇನದ ಮೇಡಂ? ನಾ ಸಣ್ಣಾಕಿ ಇದ್ದಾಗಿಂದ ನೋಡೀನಿ."

"ನೋಡುದು ಬೇರೆ, ಕೇಳುದು ಬೇರೆ. ಉಡಿ ತುಂಬಿಸ್ಕೊಂಡವಳಿಗೆ ಏನು ಬೇಕಿತ್ತು ಅಂತ ಅವಳನ್ನೇ ಕೇಳು. ತೀರ್ಪು ಆಮೇಲೆ ಬರೆಯುವ."

ದಾನೇಶ್ವರಿ ಹಾಳೆಗಳನ್ನು ಚೀಲಕ್ಕೆ ತುರುಕಿದಳು. ಮನೆಗೆ ಬಂದು ತಾಯಿಯನ್ನೇ ಕೇಳಿದಳು. ನೀಲಾಬಾಯಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಐದು ಬೊಗಸಿ ಅಕ್ಕಿಲೆ ಯಾರ ಹೊಟ್ಟಿ ತುಂಬ್ತದ? ಯವ್ವಾ, ನಿನಗ ಹಿಂದ ಒಂದು ಮನಿ ಅದ, ಬಾಗಲ ತೆರದದ ಅಂತ ಹೇಳೋದು ಅದು. ಬಾಯಿಲೆ ಹೇಳಿದ ಮಾತು ಗಾಳಿಗಿ ಹೋಗ್ತದ. ಅದಕ್ಕ ಸೆರಗಿನಾಗ ಕಟ್ಟಿ ಕೊಡ್ತೀವಿ. ನಾ ಮುಂಬೈಗಿ ಬರೋ ದಿನ ನಮ್ಮವ್ವ ತುಂಬಿದ್ದಳು. ಆ ಗಂಟು ಸೊಲ್ಲಾಪುರ ದಾಟೋ ತನಕ ಕೈಯಾಗ ಹಿಡಕೊಂಡೇ ಬಂದೆ."

ದಾನೇಶ್ವರಿ ಆ ಅಧ್ಯಾಯವನ್ನು ಹರಿದು, ಮತ್ತೆ ಬರೆದಳು.

ಪದವಿ ಬಂದರೂ ನೌಕರಿ ಬರಲಿಲ್ಲ. ಸಂದರ್ಶನಕ್ಕೆ ಹೋದಲ್ಲೆಲ್ಲ, "ಇದರಲ್ಲಿ ಸ್ಕೋಪ್ ಏನಿದೆ?" ಎಂಬುದೇ ಮೊದಲ ಪ್ರಶ್ನೆ. ಕೆಲವು ಕಾಲ ಮನೆಮನೆ ತಿರುಗಿ ಸಮೀಕ್ಷೆ ಮಾಡಿದಳು. ಕೆಲವು ಕಾಲ ಸುಮ್ಮನೆ ಮನೆಯಲ್ಲಿ ಕೂತಳು. ವರ ನೋಡಲು ಬಂದವರು ವಿಷಯದ ಹೆಸರು ಕೇಳಿ, ಚಹಾ ಕುಡಿದು, "ಹುಡುಗಿ ಭಾಳ ಕಲ್ತಾಳ" ಎಂದು ಎದ್ದು ಹೋದರು. ಕಡೆಗೆ ಅಂಧೇರಿಯ ಒಂದು ಮಹಿಳಾ ಸಂಸ್ಥೆಯಲ್ಲಿ ಆಪ್ತ ಸಲಹೆಯ ಕೆಲಸ ಸಿಕ್ಕಿತು. ಹೊಡೆತ ತಿಂದವರು, ಮನೆಯಿಂದ ಹೊರದಬ್ಬಿಸಿಕೊಂಡವರು, ಏನೂ ಹೇಳಲಾರದೆ ಒಂದು ಗಂಟೆ ಕೂತು ಎದ್ದುಹೋಗುವವರು ಅಲ್ಲಿಗೆ ಬರುತ್ತಿದ್ದರು. ದಾನೇಶ್ವರಿ ನಡುವೆ ಟೇಬಲು ಇಟ್ಟುಕೊಳ್ಳುತ್ತಿರಲಿಲ್ಲ. ಯಾಕೆ ಸಹಿಸಿಕೊಂಡಿರಿ, ಯಾಕೆ ಮೊದಲೇ ಬರಲಿಲ್ಲ ಎಂದು ಕೇಳುತ್ತಿರಲಿಲ್ಲ. ಅವರ ಉಸಿರು ಒಂದು ಹದಕ್ಕೆ ಬಂದ ಮೇಲೆ, "ನಿಮಗೇನು ಬೇಕು? ಮೊದಲು ಅದು ಹೇಳಿ," ಎನ್ನುತ್ತಿದ್ದಳು. ಮೇಡಂ ಕಾಫಿಯ ಜೊತೆ ಕೊಟ್ಟ ಪಾಠ ಅವಳಿಗೆ ಹೊಟ್ಟೆಪಾಡೂ ಆಯಿತು.

ಮನೆಗೆ ಬಂದ ಮೇಲೂ ಫೋನುಗಳು ಬರುತ್ತಿದ್ದವು. ಒಂದೇ ಖೋಲಿಯ ಮನೆ. ಯಾರ ಗುಟ್ಟೂ ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಅವಳು ಫೋನು ಹಿಡಿದು ಗಲ್ಲಿಯ ಮೆಟ್ಟಿಲಿಗೆ ಹೋಗುತ್ತಿದ್ದಳು. ಬಾಗಿಲು ದಾಟುವಷ್ಟರಲ್ಲಿ ನೀಲಾಬಾಯಿಯ ಕಿವಿಗೆ ಬೀಳುತ್ತಿದ್ದುದು ಒಂದೇ ಮಾತು: "ಆಪ್ ಕ್ಯಾ ಚಾಹತೀ ಹೈಂ, ದೀದೀ?"

"ಎಲ್ಲಾರಿಗೂ ಏನ್ ಬೇಕು, ಏನ್ ಬೇಕು ಅಂತೀಯಲ್ಲ, ಕಿರಾಣಿ ಅಂಗಡಿ ಇಟ್ಟೀಯೇನು?" ಎಂದು ನೀಲಾಬಾಯಿ ನಗಾಡುತ್ತಿದ್ದಳು.

ಕೆಲಸಗಾರ ಹೆಂಗಸರ ಮೇಲೆ ಕೈಮಾಡುವ, ಅಸಭ್ಯವಾಗಿ ನಡೆಯುವ ಗಂಡಸರ ವಿಚಾರಣೆಗೆ ಪ್ರತಿಯೊಂದು ಆಫೀಸಿನಲ್ಲೂ ಒಂದು ಸಮಿತಿಯಿರಬೇಕು, ಅದರಲ್ಲಿ ಹೊರಗಿನವರೊಬ್ಬರು ಕೂರಬೇಕು ಎಂಬುದು ಕಾನೂನು. ಬರಬರುತ್ತ ದಾನೇಶ್ವರಿಯನ್ನು ಹಾಗೆ ಹೊರಗಿನ ಸದಸ್ಯೆಯಾಗಿ ಕರೆಯತೊಡಗಿದರು. ಗೋರೆಗಾಂವಿನ ಹೆದ್ದಾರಿ ಪಕ್ಕದ ಒಂದು ದೊಡ್ಡ ಆಫೀಸಿನ ಸಮಿತಿಯಲ್ಲೂ ಅವಳಿದ್ದಳು. ಗಾಜಿನ ಆ ಕಟ್ಟಡಕ್ಕೆ ಗಾರೆ ಹೊತ್ತವರಲ್ಲಿ ತಾನೂ ಒಬ್ಬಳೆಂದು ನೀಲಾಬಾಯಿ ಹೇಳಿದ್ದು ನಿಜವೋ ತಮಾಷೆಯೋ ಅವಳಿಗೆ ಗೊತ್ತಿರಲಿಲ್ಲ. ಆದರೆ ಮೊದಲ ಸಲ ಆ ಲಿಫ್ಟಿನಲ್ಲಿ ಮೇಲೆ ಹೋಗುವಾಗ ಕಣ್ಣು ಮಂಜಾಗಿದ್ದು ನಿಜ.

ಆ ಆಫೀಸಿನಿಂದಲೇ ಒಂದು ದಿನ ದೂರು ಬಂತು. ಕೊಟ್ಟವಳು ಕಸಗುಡಿಸುವ ಕೆಲಸದ ಮಹಾದೇವಿ. ದಾನೇಶ್ವರಿಯ ಮನೆಯಿಂದ ಮೂರನೆಯ ಖೋಲಿಯವಳು. ತಾಯಿ ಸತ್ತಿದ್ದಳು, ಊರಲ್ಲಿ ಅಣ್ಣನ ಹೆಂಡತಿ ಹಬ್ಬಕ್ಕೂ ಕರೆಯುತ್ತಿರಲಿಲ್ಲ, ಗಂಡ ಸೆಂಟ್ರಿಂಗ್ ಕೆಲಸಕ್ಕೆಂದು ನಾಸಿಕದಲ್ಲಿದ್ದ. ದೂರು ಇದ್ದುದು ಅವಳ ಸೂಪರ್‌ವೈಸರ್ ಮೇಲೆ. ಫಿನಾಯಿಲು, ಪೊರಕೆ ಇಡುವ ಸ್ಟೋರ್ ರೂಮಿನಲ್ಲಿ ಎರಡು ಸಲ ಅವಳ ಕೈ ಹಿಡಿದು ಎಳೆದಿದ್ದ. ಬಿಡಿಸಿಕೊಂಡು ಓಡಿದ ಮರುದಿನದಿಂದ ಶೌಚಾಲಯದ ಪಾಳಿಯನ್ನೆಲ್ಲ ಅವಳ ತಲೆಗೆ ಕಟ್ಟಿದ್ದ.

ಸೂಪರ್‌ವೈಸರನ ಹೆಸರನ್ನು ದಾನೇಶ್ವರಿ ಎರಡು ಸಲ ಓದಿದಳು. ಶರಣಬಸಪ್ಪ. ಇಂದ್ರಾಬಾಯಿಯ ಗಂಡ. ಮರೆಪ್ಪನನ್ನು ಶಹಾಪುರದಿಂದ ಮುಂಬೈಗೆ ಕರೆತಂದು ಖೋಲಿ ಹುಡುಕಿಕೊಟ್ಟವನು. ಮೊದಲ ದಿನ ಶಾಲೆಗೆ ಹೋಗಲೊಲ್ಲದ ದಾನೇಶ್ವರಿಯನ್ನು ಹೆಗಲ ಮೇಲೆ ಹೊತ್ತು, ಗುಡ್ಡವಿಳಿಸಿ, ಬಾಗಿಲಲ್ಲಿ ಬಿಟ್ಟುಬಂದವನು. ಮೊಣಕಾಲು ಕೆಟ್ಟು ಮರೆಪ್ಪ ಗಾರೆ ಕೆಲಸ ಬಿಟ್ಟಾಗ, ತನ್ನ ಗುತ್ತಿಗೆದಾರನಿಗೆ ಹೇಳಿ ಹತ್ತಿರದ ಬಿಲ್ಡಿಂಗಿನಲ್ಲಿ ವಾಚ್‌ಮನ್ ಡ್ಯೂಟಿ ಕೊಡಿಸಿದವನೂ ಅವನೇ.

ಅವಳು ಸಮಿತಿಯ ಅಧ್ಯಕ್ಷೆಗೆ ಆ ದಿನವೇ ತಿಳಿಸಿದಳು: ನನಗೆ ಈ ಇಬ್ಬರೂ ಮನೆಯವರಿದ್ದಂತೆ, ಈ ವಿಚಾರಣೆಯಲ್ಲಿ ನಾನು ಕೂರುವುದು ಸರಿಯಲ್ಲ, ನನ್ನ ಜಾಗಕ್ಕೆ ಬೇರೆಯವರನ್ನು ಕರೆಯಿರಿ. ಕಲಿತ ವಿದ್ಯೆ ಹೇಳಿದ್ದು ಅದನ್ನೇ. ಮನಸ್ಸು ಹೇಳಿದ್ದು ಬೇರೆ: ನೀನು ಅಲ್ಲೇ ಕೂತರೆ ಆ ಹುಡುಗಿಗೆ ನ್ಯಾಯ ಖಂಡಿತ. ವಿದ್ಯೆಯ ಮಾತನ್ನೇ ಕೇಳಿದಳು, ಆದರೆ ಹಗುರವಾಗಲಿಲ್ಲ.

ಮಹಾದೇವಿ ಸಂಜೆ ಗಲ್ಲಿಯಲ್ಲಿ ಅಡ್ಡಗಟ್ಟಿದಳು. "ನೀ ಇದ್ದೀ ಅಂತ ಬರದು ಕೊಟ್ಟೆ ಅಕ್ಕಾ. ಈಗ ನೀನೇ ಎದ್ದು ಹ್ವಾದ್ರ?"

"ನಾ ಅಲ್ಲಿ ಕೂತ್ರ ನಾಳಿ ಅಂವ, ಚಾಳಿನ ಹುಡುಗೇರು ಕೂಡಿ ಆಟ ಆಡ್ಯಾರ ಅಂತಾನ. ನಿನ್ನ ಖರೆ ಮಾತೂ ತೊಳದು ಹೋಗ್ತದ. ಅಲ್ಲಿ ಕೂಡಂಗಿಲ್ಲ, ಆದ್ರ ನಿನ್ನ ಬಾಜೂಕ ಇರ್ತೀನಿ."

"ಬಾಜೂಕ ಇದ್ದು ಏನ್ ಮಾಡ್ತೀ ಅಕ್ಕಾ?" ಎಂದು ಮಹಾದೇವಿ ಹೊರಟುಹೋದಳು.

ದೂರಿನ ಸುದ್ದಿ ಯಾರಿಗೂ ಹೇಳಬಾರದೆಂಬುದೂ ಕಾನೂನೇ. ಆದರೆ ಶರಣಬಸಪ್ಪ ತಾನೇ ಅದನ್ನು ಚಾಳಿಗೆ ತಂದ. ಶನಿವಾರ ಮರೆಪ್ಪನ ಕಟ್ಟೆಯ ಮೇಲೆ ಕೂತು, ಚಹಾದ ಬಶಿ ಹಿಡಿದು, "ಮನಿ ಮಾತು ಮನ್ಯಾಗ ಮುಗೀಲಿ ಮರೆಪ್ಪಾ. ಹುಡುಗಿ ಏನೋ ತಪ್ಪು ತಿಳಕೊಂಡಾಳ. ನಮ್ಮ ಮನಿಂದ ಉಡಿ ಸಾಮಾನು ಕಳಸ್ತೀನಿ. ಆಕಿಗಿ ತಾಯಿಲ್ಲ, ನೀಲವ್ವನೇ ಉಡಿ ತುಂಬಲಿ," ಎಂದ.

ಆ ಗಲ್ಲಿಯ ಶಹಾಪುರದ ಮಂದಿಯಲ್ಲಿ ಅದೊಂದು ರೂಢಿಯಾಗಿ ಬೆಳೆದಿತ್ತು. ಗಂಡಸಿನಿಂದ ಹೆಣ್ಣಿಗೆ ಅನ್ಯಾಯವಾಯಿತೆಂಬ ಮಾತು ಎದ್ದರೆ, ಅವನ ಮನೆಯಿಂದ ಅವಳಿಗೆ ಉಡಿ ತುಂಬಿಸುವುದು. ತುಂಬಿಸಿಕೊಂಡವಳು ಆ ಮನೆಯ ಮಗಳಾದಂತೆ. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಉಡಿ ಒಲ್ಲೆನೆಂದವಳು ಆ ಗಲ್ಲಿಯಲ್ಲಿ ಇದುವರೆಗೆ ಹುಟ್ಟಿರಲಿಲ್ಲ. ಒಲ್ಲೆನೆನ್ನುವುದು ತನ್ನ ಮುತ್ತೈದೆತನವನ್ನು ತಾನೇ ಒದ್ದಂತೆ.

ದಾನೇಶ್ವರಿ ಅಂಧೇರಿಯಿಂದ ಬಂದಾಗ ನೀಲಾಬಾಯಿ ಮೊರ ಹಿಡಿದು ಕೂತಿದ್ದಳು.

"ಅವ್ವಾ, ಒಪ್ಪಿದ್ಯೇನು?"

"ಒಪ್ಪದೇ ಏನ್ ಮಾಡ್ಲಿ? ತಾಯಿ ಇಲ್ದ ಹುಡುಗಿ. ಹಿಂಗಾದ್ರ ಆಕಿ ಕೆಲಸನೂ ಉಳೀತದ, ಮಾನನೂ ಉಳೀತದ. ನಿಮ್ಮಪ್ಪನ ಡ್ಯೂಟಿನೂ ಉಳೀತದ, ಸುಳ್ಳು ಯಾಕ ಹೇಳ್ಲಿ."

"ಕಾಕಾ ತಪ್ಪು ಒಪ್ಪಿಕೊಂಡಾನೇನು?"

"ಬಾಯಿಲೆ ಅಂದಿಲ್ಲ. ಉಡಿ ಕಳಸ್ತೀನಿ ಅಂದ್ರ ಒಪ್ಪಿದಂಗಲ್ಲೇನು?"

"ಹುಡುಗಿ ತಪ್ಪು ತಿಳಕೊಂಡಾಳ ಅಂದನಂತ ಅಪ್ಪ ಹೇಳ್ತಾನ. ಅದು ಒಪ್ಪಿದಂಗೇನು?"

ನೀಲಾಬಾಯಿ ಒಂದು ಕಲ್ಲು ಹೆಕ್ಕಿ ಹೊರಗೆಸೆದಳು. ದಾನೇಶ್ವರಿಯ ದನಿ ಏರಿತು. ವಿಚಾರಣೆ, ಹಕ್ಕು, ಕಾನೂನಿನ ಕಲಮು ಎಂದು ಏನೇನೋ ಹೇಳಿದಳು. ಅರ್ಧ ಮರಾಠಿ, ಅರ್ಧ ಇಂಗ್ಲಿಷು. ನೀಲಾಬಾಯಿ ಮೊರವನ್ನು ನೆಲಕ್ಕೆ ಕುಕ್ಕಿದಳು.

"ನಿನ್ನ ಓದು ಉಡ್ಯಾಗ ತರಬ್ಯಾಡ ದಾನಿ. ನಮ್ಮವ್ವ ತುಂಬಿದ್ದು, ನಾ ತುಂಬೋದು. ನಿನ್ನ ಕಾಲೇಜಿನಾಗ ಹುಟ್ಟಿದ್ದಲ್ಲ ಅದು."

ಹೊರಗೆ ಕಟ್ಟೆಯ ಮೇಲೆ ಮರೆಪ್ಪ ಕೆಮ್ಮಿದ. ದಾನೇಶ್ವರಿಗೆ, ತಾನು ಯಾರ ಮುಂದೆಯೂ ಹೀಗೆ ಗಂಟಲೇರಿಸಿ ಮಾತಾಡಿಲ್ಲವೆಂದು ಆಗ ನೆನಪಾಯಿತು. ಅಂಧೇರಿಯಲ್ಲಿ ಗುರುತಿಲ್ಲದ ಹೆಂಗಸರಿಗೆ ಕೊಡುವ ತಾಳ್ಮೆಯನ್ನು ಹೆತ್ತವಳಿಗೆ ಕೊಟ್ಟಿರಲಿಲ್ಲ. ತಾಯಿಯ ಪಕ್ಕ ಕೂತು, ಮೊರದ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಅಕ್ಕಿ ಹೆಕ್ಕಿದರು.

"ಅವ್ವಾ, ಮಹಾದೇವಿಗಿ ಏನು ಬೇಕಂತ ಯಾರರೆ ಕೇಳ್ಯಾರೇನು?"

ನೀಲಾಬಾಯಿ ಹಸನಾದ ಅಕ್ಕಿ ಎತ್ತಿಕೊಂಡು ಒಲೆಯ ಕಡೆ ಹೋದಳು.

ಊಟದ ಮೊದಲು ದಾನೇಶ್ವರಿ ಮಹಾದೇವಿಯ ಬಾಗಿಲಿಗೆ ಹೋದಳು. ಅವಳು ಒಲೆ ಹಚ್ಚಿರಲಿಲ್ಲ. "ನನ್ನ ಗಂಡ ಸುಮ್ಮಿರು, ಉಡಿ ತಗೊ ಅಂತಾನ ಫೋನಿನಾಗ. ಒಲ್ಲೆ ಅಂದ್ರ ನಾಳಿಂದ ನಳದ ಮುಂದ ನನಗ ಯಾರು ಪಾಳಿ ಬಿಡ್ತಾರ ಅಕ್ಕಾ?"

"ಉಡಿ ತಗೋ, ಇಲ್ಲಾ ಬಿಡು. ದೂರು ಇಡು, ಇಲ್ಲಾ ಹಿಂದಕ್ಕ ತಗೋ. ನೀ ಏನ್ ಮಾಡಿದ್ರೂ ನಾ ನಿನ್ನ ಬಿಟ್ಟು ಹೋಗಂಗಿಲ್ಲ. ಅಷ್ಟೇ ಹೇಳಾಕ ಬಂದೆ."

ಭಾನುವಾರ ಬೆಳಗ್ಗೆ ನೀಲಾಬಾಯಿಯ ಖೋಲಿಯಲ್ಲಿ ಮಣೆ ಹಾಕಿದರು. ಗಲ್ಲಿಯ ಹೆಂಗಸರು ಒಳಗೂ ಬಾಗಿಲಲ್ಲೂ ಒತ್ತಿ ನಿಂತರು. ಗಂಡಸರು ಹೊರಗೆ ಕಟ್ಟೆಯ ಮೇಲೆ. ನಡುವೆ ಶರಣಬಸಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಇಂದ್ರಾಬಾಯಿ ಉಡಿಯ ತಾಟು ಹಿಡಿದು ಬಂದಳು. ಅವಳ ಕಣ್ಣುಗಳು ಊದಿದ್ದವು. ಯಾರ ಮುಖವನ್ನೂ ನೋಡಲಿಲ್ಲ. ತಾಟನ್ನು ನೆಲಕ್ಕಿಟ್ಟು ಗೋಡೆಗೆ ಆತು ನಿಂತಳು. ಮಹಾದೇವಿ ಮಣೆಯ ಮೇಲೆ ಕೂತು ಸೆರಗು ಹಿಡಿದಳು.

ದಾನೇಶ್ವರಿ ಒಲೆಯ ಪಕ್ಕ ನಿಂತಿದ್ದಳು. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದಳು. ತಾಯಿ ಕುಂಕುಮ ಹಚ್ಚಿದಳು. ಅರಿಷಿಣಬೇರು, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟಳು. ಒಂದು ಬೊಗಸೆ ಅಕ್ಕಿ. ಎರಡು. ಮೂರು. ನಾಲ್ಕು. ಐದನೆಯದನ್ನು ತುಂಬಿಕೊಂಡ ನೀಲಾಬಾಯಿಯ ಕೈ ಅರ್ಧದಲ್ಲಿ ನಿಂತಿತು. ಬಗ್ಗಿ, ಹುಡುಗಿಯ ಮುಖದ ಹತ್ತಿರ ಮುಖ ತಂದು ಕೇಳಿದಳು:

"ನಿನಗ ಏನು ಬೇಕವ್ವಾ? ಮೊದಲ ಅದು ಹೇಳು."

ದಾನೇಶ್ವರಿ ಒಲೆಯ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದಳು. ಮೆಟ್ಟಿಲ ಮೇಲೆ ಕೂತು ಎಷ್ಟೋ ವರ್ಷ ತಾನು ಫೋನಿಗೆ ಹೇಳಿದ ಮಾತು, ತಾಯಿಯ ಬಾಯಿಂದ, ತಾಯಿಯ ಕನ್ನಡದಲ್ಲಿ ಬಂದಿತ್ತು.

ಮಹಾದೇವಿ ತಲೆಯೆತ್ತಿದಳು.

"ಅಂವಗ ಶಿಕ್ಷಾ ಆಗ್ಲಿ ಅಂತಲ್ಲ ಅತ್ತಿ. ಆ ಸ್ಟೋರ್ ರೂಮಿನ ಚಾವಿ ಅವನ ಕೈಯಾಗ ಇರಬಾರದು. ನಾಳಿ ನಾ ಕೆಲಸ ಬಿಟ್ರ ಆ ಜಾಗಕ್ಕ ಮತ್ತೊಬ್ಬಾಕಿ ಬರ್ತಾಳ. ಆಕಿನೂ ಪೊರಕಿ ತರಾಕ ಅದೇ ಖೋಲಿಗಿ ಹೋಗಬೇಕು."

ನೀಲಾಬಾಯಿ ಐದನೆಯ ಬೊಗಸೆಯನ್ನು ಸೆರಗಿಗೆ ಸುರಿದಳು. ಜಂಪರ್ ಪೀಸು ಇಟ್ಟಳು. ಸೆರಗನ್ನು ಮಡಿಸಿ, ತಿರುವಿ, ಗಂಟು ಬಿಗಿದು, ಹುಡುಗಿಯ ಸೊಂಟಕ್ಕೆ ಸಿಕ್ಕಿಸಿದಳು. ಮೊಣಕಾಲಿನ ಮೇಲೆ ಕೈಯೂರಿ ಎದ್ದು ಬಾಗಿಲಿಗೆ ಬಂದಳು.

"ಶರಣಪ್ಪಣ್ಣಾ, ಉಡಿ ತುಂಬೀನಿ."

"ಭೇಷ್ ಆತು ನೀಲವ್ವಾ. ದೇವರು ಒಳ್ಳೇದು ಮಾಡ್ಲಿ. ಇನ್ನ ಮಾತು ಮುಗೀತು."

"ಮುಗಿದಿಲ್ಲ. ಉಡಿ ತುಂಬಿದಾಕಿ ನಾನು. ಇವತ್ತಿಂದ ಇಕಿ ತವರು ನನ್ನ ಮನಿ. ತವರಾಕಿ ಕೇಳಲತ್ತೀನಿ: ನನ್ನ ಮಗಳ ಕೈ ಯಾಕ ಹಿಡದಿ?"

ಗಲ್ಲಿಯಲ್ಲಿ ಎಲ್ಲೋ ಕುಕ್ಕರು ಸೀಟಿ ಹೊಡೆಯಿತು. ಶರಣಬಸಪ್ಪ ಎದ್ದು ನಿಂತ.

"ಇದೇನು ಹೊಸಾ ಕಾನೂನು? ನಿನ್ನ ಮಗಳು ಕಲಿಸ್ಯಾಳೇನು?"

"ಉಡಿ ತುಂಬೋದು ನನಗ ಕಲಸಿದಾಕಿ ನಮ್ಮವ್ವ. ಕೇಳೋದು ನನ್ನ ಮಗಳು ಕಲಿಸ್ಯಾಳ, ಹೌದು."

"ನಮ್ಮ ಮನಿ ಅಕ್ಕಿ ಅದು!"

"ಅಕ್ಕಿ ನಿನ್ನದು. ಕೈ ನನ್ನದು. ಆಕಿ ಕಂಪ್ಲೇಂಟ್ ಹಿಂದಕ್ಕ ತಗೊಳ್ಳಂಗಿಲ್ಲ. ಅಲ್ಲಿ ಏನ್ ಹೇಳೋದದ, ಅಲ್ಲಿ ಹೇಳು."

ಶರಣಬಸಪ್ಪ ಮರೆಪ್ಪನ ಕಡೆ ತಿರುಗಿದ. "ಮರೆಪ್ಪಾ, ನಿನ್ನ ಡ್ಯೂಟಿ ಯಾರು ಕೊಡಿಸ್ಯಾರ, ನೆನಪಿರ್ಲಿ."

ಮರೆಪ್ಪ ನೆಲ ನೋಡುತ್ತ ಕೂತಿದ್ದ. "ನೆನಪದ ಅಣ್ಣಾ," ಎಂದ. "ಮರ್ತಿಲ್ಲ." ಅದಕ್ಕಿಂತ ಹೆಚ್ಚಿನದನ್ನು ಅವನು ಹೇಳಲಿಲ್ಲ, ಹೆಂಡತಿಯನ್ನು ಒಳಗೆ ಹೋಗೆಂದೂ ಹೇಳಲಿಲ್ಲ.

ಇಂದ್ರಾಬಾಯಿ ಬರಿದಾದ ತಾಟನ್ನು ಎತ್ತಿಕೊಂಡು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ದಾನೇಶ್ವರಿ "ಕಾಕಿ" ಎಂದು ಕರೆದದ್ದು ಅವಳಿಗೆ ಕೇಳಿಸಿರಬೇಕು.

ವಿಚಾರಣೆಯ ದಿನ ಬಂತು. ದಾನೇಶ್ವರಿ ಆ ಆಫೀಸಿಗೆ ಮೊದಲ ಬಾರಿಗೆ ಸದಸ್ಯೆಯಾಗಿ ಅಲ್ಲದೆ, ಮಹಾದೇವಿಯ ಜೊತೆಯವಳಾಗಿ ಹೋದಳು. ನೀಲಾಬಾಯಿಯೂ ಬಂದಳು, ಬೇಡವೆಂದರೂ ಕೇಳಲಿಲ್ಲ. ಒಳಗಿನ ಕೋಣೆಗೆ ಮಹಾದೇವಿ ಒಬ್ಬಳೇ ಹೋಗಬೇಕಿತ್ತು. ಹೋಗುವ ಮುನ್ನ ಹಿಂದೆ ತಿರುಗಿ ನೋಡಿದಳು. "ಇಲ್ಲೇ ಇರ್ತೀವಿ," ಎಂದಳು ದಾನೇಶ್ವರಿ. ಬಾಜೂಕ ಇದ್ದು ಏನು ಮಾಡುತ್ತೀ ಎಂದು ಅವಳು ಕೇಳಿದ್ದಕ್ಕೆ ಉತ್ತರ ಅಷ್ಟೇ ಇತ್ತು: ಬಾಗಿಲು ತೆರೆದಾಗ ಅಲ್ಲಿರುವುದು.

ಒಳಗೆ ಬರುವಾಗ ಕೆಳಗೆ ಸೆಕ್ಯುರಿಟಿಯವನು ಮೂವರನ್ನೂ ತಡೆದಿದ್ದ. ಮಹಾದೇವಿ ಇಲ್ಲಿಯವಳು, ದಾನೇಶ್ವರಿಯ ಮುಖ ಗೊತ್ತು, ಈ ಮುದುಕಿ ಯಾರು, ಯಾರನ್ನು ಕಾಣಬೇಕು ಎಂದು ಅವನಿಗೆ ತಿಳಿಯಬೇಕಿತ್ತು.

"ಆಪ್ ಕೌನ್, ಮಾಜೀ? ಕಿಸ್‌ಸೇ ಮಿಲನಾ ಹೈ?"

ನೀಲಾಬಾಯಿ ಸೆರಗನ್ನು ತಲೆಗೆ ಎಳೆದುಕೊಂಡು, ತನ್ನ ಒಡಕು ಹಿಂದಿಯಲ್ಲಿ ಹೇಳಿದ್ದಳು: "ಲಡಕೀ ಕೇ ಮಾಯಕೇ ಸೇ ಆಯೀ ಹೂಂ."

ಹುಡುಗಿಯ ತವರಿನಿಂದ ಬಂದಿದ್ದೇನೆ. ಆಫೀಸಿಗೆ ಯಾರಾದರೂ ತವರಿನಿಂದ ಬರುವುದುಂಟೇ? ಆದರೂ ಅವನು ಒಳಗೆ ಬಿಟ್ಟ. ಆ ಗಾಜಿನ ಕಟ್ಟಡದ ಮೆತ್ತನೆಯ ಕುರ್ಚಿಯ ತುದಿಯಲ್ಲಿ ಆಕೆ ಮಧ್ಯಾಹ್ನದವರೆಗೆ ನೆಟ್ಟಗೆ ಕೂತಿದ್ದಳು.

ದೂರು ನಿಜವೆಂದು ಸಮಿತಿ ಹೇಳಿತು. ಇನ್ನೊಬ್ಬ ಹೆಂಗಸೂ ಬಂದು ಮಾತಾಡಿದ್ದಳಂತೆ. ಶರಣಬಸಪ್ಪನನ್ನು ಆ ಆಫೀಸಿನಿಂದ ತೆಗೆದರು. ಸ್ಟೋರ್ ರೂಮಿನ ಚಾವಿ ಒಬ್ಬ ಹೆಂಗಸಿನ ಕೈಗೆ ಹೋಯಿತು. ಗುತ್ತಿಗೆದಾರ ಅವನನ್ನು ಎಲ್ಲೋ ದೂರ ಇನ್ನೊಂದು ಕಡೆ ಹಾಕಿಕೊಂಡನೆಂದೂ ಕೇಳಿಬಂತು. ಗೆದ್ದೆವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಮರೆಪ್ಪನ ಡ್ಯೂಟಿಯನ್ನು ದೂರದ ನಾಯಗಾಂವಿಗೆ ಬದಲಿಸಿದರು. ಕೆಟ್ಟ ಮೊಣಕಾಲಿನಲ್ಲಿ ಅವನು ದಿನವೂ ಲೋಕಲ್ ಹತ್ತಿಳಿಯಬೇಕಾಯಿತು. ಸಂಜೆ ಕಟ್ಟೆಯ ಮೇಲೆ ಶರಣಬಸಪ್ಪ ಕೂರುತ್ತಿದ್ದ ಜಾಗದಲ್ಲಿ ಅವನು ಬೇರೆ ಯಾರನ್ನೂ ಕೂರಿಸಿಕೊಳ್ಳಲಿಲ್ಲ. ಒಮ್ಮೆ ಮಾತ್ರ, ಮಗಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, "ನಿನಗ ಶಾಲಿಗಿ ಹೊತ್ತುಕೊಂಡು ಹೋದಾಂವ ಅಂವ," ಎಂದ.

"ಗೊತ್ತದ ಅಪ್ಪಾ."

"ಗೊತ್ತಿರ್ಲಿ. ಅದೂ ಖರೆ, ಇದೂ ಖರೆ."

ಶ್ರಾವಣ ಬಂದು ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ನೀಲಾಬಾಯಿ ಮೂರು ಖೋಲಿ ಆಚೆಗೆ ಹೇಳಿಕಳಿಸಿದಳು. ಮಹಾದೇವಿ, ಅಷ್ಟು ಹತ್ತಿರದಿಂದ ಬರುವುದಕ್ಕೂ, ಹೊಸ ಸೀರೆಯುಟ್ಟು, ತಲೆಗೆ ಹೂ ಮುಡಿದು, ಊರಿನಿಂದ ಬಂದವಳಂತೆ ಚೀಲ ಹಿಡಿದು ಬಂದಳು. ಹೊಸಿಲ ಆಚೆ ನಿಂತು, "ಯವ್ವಾ, ಬಂದೆ," ಎಂದಳು. ಅತ್ತಿ ಎನ್ನುತ್ತಿದ್ದವಳು ಯವ್ವ ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡರು. ಯಾರೂ ಎತ್ತಿ ಆಡಲಿಲ್ಲ.

ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು ಎಲ್ಲ ಆದ ಮೇಲೆ ನೀಲಾಬಾಯಿ ಒಂದು ತಾಟಿನಲ್ಲಿ ಉಂಡಿಗಳನ್ನಿಟ್ಟು, ಮೇಲೆ ಬಿಳಿಯ ಬಟ್ಟೆ ಮುಚ್ಚಿ, ಮಗಳ ಕೈಗೆ ಕೊಟ್ಟಳು. ಯಾರಿಗೆಂದು ಹೇಳಲಿಲ್ಲ. ಪ್ರತಿ ಪಂಚಮಿಗೂ ಮೊದಲ ತಾಟು ಹೋಗುತ್ತಿದ್ದುದು ಒಂದೇ ಮನೆಗೆ.

ದಾನೇಶ್ವರಿ ಬಾಗಿಲು ತಟ್ಟಿದಳು. ಇಂದ್ರಾಬಾಯಿ ಅರ್ಧ ತೆರೆದಳು. ಸೊರಗಿದ್ದಳು. ಆ ಭಾನುವಾರದ ನಂತರ ನಳದ ಮುಂದೆ ಆಕೆಯ ನಗೆ ಯಾರಿಗೂ ಕೇಳಿಸಿರಲಿಲ್ಲ. ಒಳಗೆ ಬಾ ಎನ್ನಲಿಲ್ಲ. ತಾಟನ್ನೂ ಹುಡುಗಿಯ ಮುಖವನ್ನೂ ನೋಡಿದಳು.

ಎಲ್ಲ ಹೆಂಗಸರಿಗೂ ಕೇಳುವ ಪ್ರಶ್ನೆಯನ್ನು ಈಕೆಗೆ ಒಬ್ಬಳಿಗೇ ತಾನು ಕೇಳಿಲ್ಲವೆಂದು ದಾನೇಶ್ವರಿಗೆ ಹೊಳೆಯಿತು. ತಾಟನ್ನು ಮುಂದೆ ಚಾಚಿದಳು.

"ಜಂಪರ್ ಹೊಲಿಯಾಕ ಇನ್ನೂ ಬರಲ್ಲೇನು ನಿನಗ?" ಎಂದಳು ಇಂದ್ರಾಬಾಯಿ.

"ಇಲ್ಲ ಕಾಕಿ."

"ಮತ್ತೇನು ಕಲ್ತಿ ಅಷ್ಟು ವರ್ಷ?"

ತಾಟು ತೆಗೆದುಕೊಂಡು ಬಾಗಿಲು ಮುಂದೆ ಮಾಡಿದಳು. ನೆರೆಮನೆಯ ತಾಟನ್ನು ಇಟ್ಟುಕೊಂಡವರು ಬರಿದಾಗಿ ಹಿಂದಿರುಗಿಸುವಂತಿಲ್ಲ. ಏನಾದರೂ ಹಾಕಿಯೇ ಕೊಡಬೇಕು. ದಾನೇಶ್ವರಿ ಬರಿಗೈಯಲ್ಲಿ ಮನೆಗೆ ಬಂದಳು. ತಾಯಿ ಅವಳ ಕೈಗಳನ್ನು ನೋಡಿದಳು.

"ಇಟ್ಗೊಂಡಳಾ?"

"ಇಟ್ಗೊಂಡಳು."

ನೀಲಾಬಾಯಿ ಮಹಾದೇವಿಗೆ ಇನ್ನೊಂದು ಉಂಡಿ ಬಡಿಸಲು ಒಳಗೆ ಹೋದಳು. ಆ ತಾಟು ಇನ್ನೂ ಹಿಂದಿರುಗಿ ಬಂದಿಲ್ಲ. ಈ ಮನೆಯಿಂದ ಯಾರೂ ಕೇಳಲು ಹೋಗಿಲ್ಲ.